ಫೇರೋ ಅಂದರೆ ಅರಸನೋ, ಅರಮನೆಯೋ?

ಜೋಗದ_ಜೋಗಿ
ಎಲ್ಲರಿಗೂ ನಮಸ್ಕಾರ. ನಮ್ಮೂರ ಗ್ರಂಥಾಲಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕ್ವಿಜ್ ಇಟ್ಟಿದ್ದೇವೆ. ‘ಫೇರೋ ಎಂಬ ಪದದ ಅರ್ಥ ಏನು?’ ಅಂತ ಒಂದು ಪ್ರಶ್ನೆ ಇದೆ. ಪ್ರಶ್ನೆ ತೆಗೆದವರಲ್ಲೇ ಜಗಳ ಶುರುವಾಗಿದೆ. ಒಬ್ಬರು ‘ಪ್ರಾಚೀನ ಈಜಿಪ್ಟಿನ ರಾಜ’ ಅಂತಾರೆ. ಇನ್ನೊಬ್ಬರು ‘ದೊಡ್ಡ ಮನೆ’ ಅಂತಾರೆ. ಮನೆಗೂ ರಾಜನಿಗೂ ಎಲ್ಲಿಯ ನಂಟು? ಮಕ್ಕಳು ಯಾವುದನ್ನು ಹೇಳಿದರೆ ಅಂಕ ಕೊಡಬೇಕು? ತಿಳಿದವರು ಹೇಳಿ.

ತುಂಗಾತೀರ
ಎರಡಕ್ಕೂ ಕೊಟ್ಟುಬಿಡಿ ಸರ್. ಮಕ್ಕಳ ಹತ್ತಿರ ಏನು ಜಿಪುಣತನ.

ಬಸ್‌ಸ್ಟ್ಯಾಂಡ್_ಪಂಡಿತ
ಎರಡೂ ತಪ್ಪು. ‘ರಾ’ ಅಂದರೆ ಈಜಿಪ್ಟಿನ ಸೂರ್ಯದೇವ. ‘ಪ’ ಅಂದರೆ ಅವರ ಭಾಷೆಯಲ್ಲಿ ‘ಆ’ ಅಂತ ತೋರಿಸುವ ಪದ, ಇಂಗ್ಲಿಷಿನ ‘the’ ಹಾಗೆ. ಪ-ರಾ ಸೇರಿ ಫೇರೋ ಆಯಿತು. ಅಂದರೆ ‘ಸೂರ್ಯ’. ಅವರ ರಾಜರೆಲ್ಲ ಸೂರ್ಯನ ಮಕ್ಕಳು ಅಂತ ಹೇಳಿಕೊಳ್ಳುತ್ತಿದ್ದರು, ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಹಳೆಲಿಪಿ
ಪಂಡಿತರೇ, ನೀವು ಹೇಳಿದ್ದನ್ನು 19ನೇ ಶತಮಾನದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ನಂಬಿದ್ದರು. ಇಂಗ್ಲೆಂಡಿನ ವಿಲ್ಕಿನ್ಸನ್ ಅವರ ವಾದವೂ ಇದೇ. ಈಜಿಪ್ಟಿನ ಬರಹಗಳನ್ನು ಸರಿಯಾಗಿ ಓದಲು ಬಂದ ಮೇಲೆ ಆ ವಾದ ಬಿದ್ದುಹೋಯಿತು. ಈಗ ವಿದ್ವಾಂಸರಲ್ಲಿ ಈ ಬಗ್ಗೆ ಜಗಳ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೂಲ ಪದ ‘ಪೆರ್-ಆ’. ‘ಪೆರ್’ ಅಂದರೆ ಮನೆ. ‘ಆ’ ಅಂದರೆ ದೊಡ್ಡದು. ಬರೆಯುವಾಗ ಎರಡು ಚಿತ್ರ ಬರುತ್ತವೆ. ಒಂದು, ಮೇಲಿನಿಂದ ನೋಡಿದಾಗ ಕಾಣುವ ಮನೆಯ ನಕ್ಷೆ: ಅಗಲವಾದ ಚೌಕ, ಕೆಳಗಡೆ ಬಾಗಿಲಿಗೆ ಬಿಟ್ಟ ಜಾಗ. ಇನ್ನೊಂದು, ಅಡ್ಡ ಮಲಗಿಸಿದ ಮರದ ಕಂಬ. ಆ ಕಂಬದ ಚಿತ್ರವನ್ನು ‘ಆ’ ಅಂತ ಓದಬೇಕು. ‘ಪೆರ್-ಆ’ದಲ್ಲಿ ಸೂರ್ಯನ ಗುಂಡಗಿನ ಚಿತ್ರ ಬರುವುದೇ ಇಲ್ಲ. ರಾಜರು ‘ರಾನ ಮಗ’ ಅಂತ ಕರೆದುಕೊಂಡದ್ದು ನಿಜ. ಆದರೆ ಅದು ಬೇರೆಯೇ ಬಿರುದು. ಅದನ್ನು ಬರೆಯುವ ರೀತಿಯೂ ಬೇರೆ.

ಪಿರಮಿಡ್ ಕಟ್ಟಿದ ಕಾಲದಲ್ಲಿ ‘ಪೆರ್-ಆ’ ಅಂದರೆ ರಾಜನ ಕಟ್ಟಡ ಮತ್ತು ಅದರೊಳಗಿನ ಆಡಳಿತ. ಅಧಿಕಾರಿಗಳ ಗೋರಿಗಳಲ್ಲಿ ‘ದೊಡ್ಡಮನೆಯ ಆಪ್ತ’ ಅನ್ನುವಂಥ ಪದವಿಗಳು ಕಾಣುತ್ತವೆ. ಅವನು ಆ ಮನೆಯ ನೌಕರ, ಅಷ್ಟೇ. ಮುಂದೆ 12ನೇ ರಾಜವಂಶದ ಹೊತ್ತಿಗೆ, ಅಂದರೆ ಸುಮಾರು ಕ್ರಿ.ಪೂ. 1900ರ ಆಸುಪಾಸಿನಲ್ಲಿ, ಈ ಪದದ ಹಿಂದೆ ಒಂದು ಹಾರೈಕೆ ಸೇರಿಕೊಂಡಿತು: ‘ಬಾಳಲಿ, ಏಳಿಗೆಯಾಗಲಿ, ಆರೋಗ್ಯವಾಗಿರಲಿ’. ಮನೆಗೆ ಆರೋಗ್ಯ ಹಾರೈಸುವುದು ನೋಡಿ! ಆಗಲೂ ಪದ ಅರಮನೆಯನ್ನೇ ಹೇಳುತ್ತಿತ್ತು. ಆದರೆ ಹಾರೈಕೆ ಒಳಗಿರುವವನ ಕಡೆಗೆ ವಾಲಿತ್ತು ಅಂತ ನನ್ನ ಊಹೆ.

ರಾಜನನ್ನೇ ಹಾಗೆ ಕರೆದದ್ದು 18ನೇ ರಾಜವಂಶದಲ್ಲಿ. ಮೂರನೇ ಥುಟ್‌ಮೋಸ್‌ನ ಕಾಲಕ್ಕೇ ಶುರುವಾಗಿರಬಹುದು ಅನ್ನುವವರಿದ್ದಾರೆ. ಅನುಮಾನಕ್ಕೆ ಜಾಗವಿಲ್ಲದ ಉದಾಹರಣೆ ಬೇಕು ಅಂದರೆ ಅದೇ ವಂಶದ ರಾಜ ಅಖೆನಾಟೆನ್‌ಗೆ ಬರೆದ ಒಂದು ಪತ್ರ ಇದೆ. ಕ್ರಿ.ಪೂ. 14ನೇ ಶತಮಾನದ್ದು. ಅದರಲ್ಲಿ ‘ಪೆರ್-ಆ’ ಅಂದರೆ ಗೋಡೆ ಬಾಗಿಲು ಅಲ್ಲ, ಪತ್ರ ಓದುವ ಆಸಾಮಿ.

ಅದಾದ ಮೇಲೂ ಬಹಳ ಕಾಲ ಈ ಪದವನ್ನು ಹೆಸರಿನ ಜೊತೆ ಸೇರಿಸುತ್ತಿರಲಿಲ್ಲ. ಸುಮ್ನೆ ‘ಫೇರೋ ಅಪ್ಪಣೆ ಮಾಡಿದ’ ಅಂತ ಬರೆಯುತ್ತಿದ್ದರು. ‘ಫೇರೋ ಇಂಥವನು’ ಅಂತ ಹೆಸರಿನ ಮುಂದೆ ಬಂದದ್ದು ಕ್ರಿ.ಪೂ. 10ನೇ ಶತಮಾನದಲ್ಲಿ. ಕಾರ್ನಾಕ್ ದೇವಾಲಯದ ಪೂಜಾರಿಗಳ ದಾಖಲೆಯಲ್ಲಿ ಸಿಯಾಮುನ್ ಅನ್ನುವ ರಾಜನ 17ನೇ ವರ್ಷದ ಬರಹ ಇದೆ. ಅಲ್ಲಿ ‘ಫೇರೋ ಸಿಯಾಮುನ್’ ಅಂತ ಬರುತ್ತದೆ.

ಕುಂದಾಪ್ರದ_ಅಕ್ಕ
ಇದರಲ್ಲಿ ಆಶ್ಚರ್ಯ ಏನಿದೆ? ನಾವು ಗಂಡನ ಹೆಸರು ಹೇಳದೆ ‘ನಮ್ಮ ಮನೆಯವರು’ ಅನ್ನುವುದಿಲ್ವಾ? ‘ಮನೆಯಲ್ಲಿ ಕೇಳಿ ಹೇಳ್ತೇನೆ’ ಅಂದರೆ ಗೋಡೆಯನ್ನು ಕೇಳಿ ಬರುತ್ತೇನೆ ಅಂತಲಾ? ದೊಡ್ಡವರ ಹೆಸರು ಬಾಯಲ್ಲಿ ತರಬಾರದು. ಅದಕ್ಕೆ ಅವರಿರುವ ಜಾಗದ ಹೆಸರು ಹೇಳುವುದು.

ಹಳೆಲಿಪಿ
ಅಕ್ಕಾ, ನನ್ನ ಉದ್ದ ಪಾಠಕ್ಕಿಂತ ಇದು ಬೇಗ ಅರ್ಥವಾಗುತ್ತದೆ. ಬೇರೆ ಕಡೆಯೂ ಹೀಗೇ ಆಗಿದೆ. ಜಪಾನಿನ ಚಕ್ರವರ್ತಿಗೆ ‘ಮಿಕಾಡೊ’ ಅನ್ನುತ್ತಿದ್ದರು. ಅದರ ಅರ್ಥ ‘ಗೌರವದ ಬಾಗಿಲು’. ಆಟೊಮನ್ ತುರ್ಕರ ಸರ್ಕಾರಕ್ಕೆ ‘ಬಾಬ್-ಇ-ಆಲಿ’, ಅಂದರೆ ಎತ್ತರದ ಬಾಗಿಲು, ಅನ್ನುತ್ತಿದ್ದರು. ನಮ್ಮಲ್ಲೂ ಬಳಕೆಯಲ್ಲಿದ್ದ ‘ಹುಜೂರ್’ ಮೂಲದಲ್ಲಿ ಅರಬ್ಬಿ. ಅದರ ಅರ್ಥ ‘ಸನ್ನಿಧಿ’ ಅಷ್ಟೇ.

ಜೋಗದ_ಜೋಗಿ
ವಾಹ್. ಆದರೆ ಒಂದು ಅನುಮಾನ. ಗಿಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫು ಸುಮಾರು ಕ್ರಿ.ಪೂ. 2600ರವನು ಅಲ್ವಾ? ನೀವು ಹೇಳಿದ ಪತ್ರ 14ನೇ ಶತಮಾನದ್ದು. ಹಾಗಾದರೆ ‘ಫೇರೋ ಖುಫು’ ಅನ್ನುವುದು…

ಹಳೆಲಿಪಿ
ನಾವು ಕೊಟ್ಟ ಪಟ್ಟ. ಖುಫುವನ್ನು ಅವನ ಕಾಲದಲ್ಲಿ ಯಾರೂ ಫೇರೋ ಅಂತ ಕರೆದಿಲ್ಲ. ಸಾವಿರ ವರ್ಷಕ್ಕೂ ಜಾಸ್ತಿ ಅಂತರ ಇದೆ. ‘ಪಿರಮಿಡ್ ಕಟ್ಟಿದ ಫೇರೋಗಳು’ ಅಂತ ಪಠ್ಯದಲ್ಲಿ ಓದಿ ನಮಗೆ ಅಭ್ಯಾಸವಾಗಿದೆ. ಗಿಜಾದ ಮೂರು ಪಿರಮಿಡ್‌ಗಳ ಒಡೆಯರಿಗೂ ಇದೇ ಮಾತು.

ಗಣಿತದ_ಮೇಷ್ಟ್ರು
ಹಾಗಾದರೆ ಈ ಪದವನ್ನು ಹಿಂದಿನ ಎಲ್ಲ ರಾಜರಿಗೂ ಎಳೆದು ಕಟ್ಟಿದವರು ಯಾರು? ಈಜಿಪ್ಟಿನವರೇ ಅಲ್ಲ ಅಂದರೆ ಬೇರೆ ಯಾರೋ ಇರಬೇಕು.

ಬೆಥೆಲ್_ಬೀದಿ
ನಮ್ಮ ಬೈಬಲ್ ಅಂತ ಕಾಣುತ್ತದೆ ಮೇಷ್ಟ್ರೇ. ಕನ್ನಡ ಸತ್ಯವೇದದಲ್ಲಿ ‘ಫೇರೋ’ ಇಲ್ಲ, ‘ಫರೋಹ’ ಇದೆ. ಈಜಿಪ್ಟ್ ಕೂಡ ಇಲ್ಲ, ‘ಐಗುಪ್ತ’. ಭಾನುವಾರದ ಶಾಲೆಯಲ್ಲಿ ‘ಐಗುಪ್ತದ ಅರಸನಾದ ಫರೋಹನು’ ಅಂತ ಕೇಳಿ ಕೇಳಿ, ಫರೋಹ ಅನ್ನುವುದು ಒಬ್ಬನ ಹೆಸರು ಅಂತಲೇ ಅಂದುಕೊಂಡು ಬೆಳೆದವರು ನಾವು. ಮೋಶೆಯ ಕಥೆಯಲ್ಲಿ ಅವನಿಗೆ ಬೇರೆ ಹೆಸರೇ ಇಲ್ಲವಲ್ಲ!

ಹಳೆಲಿಪಿ
ಬೀದಿಯವರೇ, ಬಹಳ ಒಳ್ಳೆಯ ಜಾಗಕ್ಕೆ ಕೈ ಹಾಕಿದಿರಿ. ಆದಿಕಾಂಡ, ವಿಮೋಚನಕಾಂಡ ಎರಡರಲ್ಲೂ ‘ಫರೋಹ’, ‘ಐಗುಪ್ತದ ಅರಸ’ ಅಂತ ಮಾತ್ರ ಇದೆ, ಹೆಸರಿಲ್ಲ. ಅರಸುಗಳ ಕಥೆಗೆ ಬಂದಾಗ ಶೀಶಕ್ ಅನ್ನುವವನು ಬರುತ್ತಾನೆ. ಅವನಿಗೆ ‘ಐಗುಪ್ತದ ಅರಸ’ ಅಂತಿದೆ, ‘ಫರೋಹ’ ಇಲ್ಲ. ಇನ್ನೂ ಮುಂದೆ ನೆಕೋ, ಹೊಫ್ರ ಬರುತ್ತಾರೆ. ಅಲ್ಲಿ ‘ಫರೋಹ ನೆಕೋ’, ‘ಫರೋಹ ಹೊಫ್ರ’ ಅಂತ ಬಿರುದು, ಹೆಸರು ಎರಡೂ ಜೊತೆಗಿವೆ. ನೆಕೋ ಕ್ರಿ.ಪೂ. 7ನೇ ಶತಮಾನದ ಕೊನೆಯವನು. ಈಜಿಪ್ಟಿನಲ್ಲೂ ಮೊದಲು ಬರೀ ‘ಫೇರೋ’, ಆಮೇಲೆ ‘ಫೇರೋ ಇಂಥವನು’ ಅಂತ ಬಂತು ಅಂದೆನಲ್ಲ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಓಟ. ಪೂರ್ತಿ ಹೊಂದುತ್ತದೆ ಅಂತ ಹೇಳಲಾರೆ. ಶೀಶಕ್ ಅಂದರೆ ಮೊದಲನೇ ಶೋಶೆಂಕ್ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಅವನ ಕಾಲಕ್ಕಾಗಲೇ ಈಜಿಪ್ಟಿನಲ್ಲಿ ಹೆಸರಿನ ಜೊತೆ ‘ಫೇರೋ’ ಬರುತ್ತಿತ್ತು.

ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಎಲ್ಲ ರಾಜರಿಗೂ ಒಂದೇ ಹಣೆಪಟ್ಟಿ ಕಟ್ಟಿದ್ದನ್ನು ಬಾಯಿಬಿಟ್ಟು ಹೇಳಿದವನು ಜೋಸೆಫಸ್. ಕ್ರಿ.ಶ. 1ನೇ ಶತಮಾನದ ಯಹೂದಿ ಇತಿಹಾಸಕಾರ. ಮೆಂಫಿಸ್ ಪಟ್ಟಣ ಕಟ್ಟಿದ ಮೊದಲ ರಾಜನಿಂದ ಬೈಬಲಿನ ಅರಸ ಸೊಲೊಮೋನನ ಕಾಲದವರೆಗೆ ಎಲ್ಲರೂ ಫೇರೋಗಳೇ, ಅವರ ಭಾಷೆಯಲ್ಲಿ ಆ ಪದಕ್ಕೆ ‘ರಾಜ’ ಅಂತಲೇ ಅರ್ಥ ಅಂತ ಬರೆದ. ಅವನ ಕಾಲದ ಈಜಿಪ್ಟಿನ ಆಡುಮಾತಿಗೆ ಅದು ಸರಿ. ಆಗ ಪದ ನಿಜವಾಗಿ ‘ರಾಜ’ ಅಂತಲೇ ಆಗಿತ್ತು, ಮನೆ ಮರೆತುಹೋಗಿತ್ತು. ಆದರೆ ಹಿಂದಿನ ರಾಜರಿಗೂ ಅದನ್ನೇ ಹೊದಿಸಿದ. ಯುರೋಪಿನವರು ಬೈಬಲ್ಲನ್ನೂ ಜೋಸೆಫಸ್‌ನನ್ನೂ ಓದಿ ಬೆಳೆದವರು. ಅವರ ಪುಸ್ತಕಗಳಿಂದ ನಮ್ಮ ಪಠ್ಯಕ್ಕೆ ಬಂತು.

ಉಳ್ಳಾಲ_ಕಡಲು
ಮದ್ರಸದಲ್ಲಿ ನಾವು ಕಲಿತದ್ದು ‘ಫಿರ್‌ಔನ್’. ಮನೆಯಲ್ಲಿ ಯಾರಾದರೂ ಜಾಸ್ತಿ ಗರ್ವ ಮಾಡಿದರೆ ‘ಇವನೊಬ್ಬ ಫಿರ್‌ಔನ್’ ಅಂತ ಅಜ್ಜಿ ಬೈಯುತ್ತಿದ್ದರು. ಒಂದು ವಿಷಯ ಗಮನಿಸಿ. ಕುರ್‌ಆನ್‌ನಲ್ಲಿ ಮೂಸಾ ನಬಿಯವರ ಕಾಲದ ದೊರೆ ಫಿರ್‌ಔನ್. ಆದರೆ ಯೂಸುಫ್ ನಬಿಯವರ ಕಾಲದ ದೊರೆಗೆ ‘ಮಲಿಕ್’ ಅಂತಿದೆ. ಅಂದರೆ ಬರೀ ‘ರಾಜ’. ಹಳೆಲಿಪಿಯವರು ಕೊಟ್ಟ ಕಾಲಕ್ಕೆ ಇದು ತಾಳೆಯಾಗುತ್ತದೆ ಅಲ್ವಾ?

ಬೆಥೆಲ್_ಬೀದಿ
ಮೂಸಾ ಅಂದರೆ ನಮ್ಮ ಮೋಶೆ, ಯೂಸುಫ್ ಅಂದರೆ ನಮ್ಮ ಯೋಸೇಫ. ನಮ್ಮಲ್ಲಿ ಯೋಸೇಫನ ಕಥೆಯಲ್ಲೂ ‘ಫರೋಹ’ ಇದೆ. ‘ಐಗುಪ್ತದ ಅರಸ’ ಅಂತಲೂ ಇದೆ, ಎರಡೂ ಬೆರೆತು ಬರುತ್ತವೆ.

ಹಳೆಲಿಪಿ
ಇಬ್ಬರೂ ಹೇಳಿದ್ದು ಗ್ರಂಥದಲ್ಲಿ ಇರುವಂತೆಯೇ ಇದೆ. ಕಥೆ ಯಾವ ಕಾಲದ್ದು ಅನ್ನುವುದು ಬೇರೆ, ಅದನ್ನು ಬರೆದದ್ದು ಯಾವ ಕಾಲದಲ್ಲಿ ಅನ್ನುವುದು ಬೇರೆ. ಬರೆಯುವವರು ತಮ್ಮ ಕಾಲದ ಪದ ಬಳಸುವುದು ಸಹಜ. ಯಾವ ಗ್ರಂಥ ಹೆಚ್ಚು, ಯಾವುದು ಕಡಿಮೆ ಅನ್ನುವ ಕಡೆ ಈ ಎಳೆ ಹೋಗುವುದು ಬೇಡ ಅಂತ ನನ್ನ ಕೋರಿಕೆ.

ನಿರ್ವಾಹಕ
ನನ್ನದೂ ಅದೇ ಕೋರಿಕೆ. ಇಲ್ಲಿವರೆಗೆ ಚೆನ್ನಾಗಿ ನಡೆದಿದೆ.

ಬಸ್‌ಸ್ಟ್ಯಾಂಡ್_ಪಂಡಿತ
ಸರಿ, ಸೂರ್ಯನ ವಿಷಯ ಬಿಟ್ಟೆ. ಆದರೆ ರಾಮ್ಸೆಸ್? ರಾಮ + ಈಶ = ರಾಮೇಶ. ಇದನ್ನು ಅಲ್ಲಗಳೆಯುತ್ತೀರಾ? ನಮ್ಮವರೇ ಅಲ್ಲಿ ಆಳಿದ್ದು. ವಾಟ್ಸಾಪಲ್ಲಿ ಫೋಟೋ ಸಮೇತ ಬಂದಿದೆ.

ತುಂಗಾತೀರ
ಫೋಟೋ ಸಮೇತ ಬಂದ ಮೇಲೆ ಮುಗಿಯಿತು ಬಿಡಿ 😄

ಹಳೆಲಿಪಿ
ರಾಮ್ಸೆಸ್ ಅನ್ನುವುದರ ಮೂಲ ‘ರಾ-ಮೆಸ್-ಸು’. ‘ರಾ ಇವನನ್ನು ಹುಟ್ಟಿಸಿದ’ ಅಂತ ಅರ್ಥ. ಥುಟ್‌ಮೋಸ್‌ನಲ್ಲಿ ಇರುವುದೂ ಇದೇ ‘ಮೆಸ್’. ಅಲ್ಲಿ ರಾ ಬದಲು ಥೋತ್ ದೇವರು. ಇಲ್ಲಿ ರಾಮ ಅಂತ ಒಡೆದರೆ ‘ಮೆಸ್’ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ.

ಆದರೆ ನಿಮಗೆ ಬೇಜಾರಾಗುವುದು ಬೇಡ. ಈಜಿಪ್ಟಿನ ರಾಜರಿಗೂ ನಮ್ಮ ಹಳೆಯ ಭಾಷೆಗೂ ನಿಜವಾದ ಒಂದು ಎಳೆ ಇದೆ. 1887ರಲ್ಲಿ ಈಜಿಪ್ಟಿನ ಅಮರ್ನಾ ಅನ್ನುವ ಜಾಗದಲ್ಲಿ ಜೇಡಿಮಣ್ಣಿನ ಹಲಗೆಗಳು ಸಿಕ್ಕವು. ಬೇರೆ ದೇಶದ ದೊರೆಗಳು ಈಜಿಪ್ಟಿನ ರಾಜರಿಗೆ ಬರೆದ ಪತ್ರಗಳು ಅವು. ಹೆಚ್ಚಿನವು ಅಕ್ಕಾಡಿಯನ್ ಭಾಷೆಯಲ್ಲಿವೆ, ಆಗ ದೇಶದೇಶಗಳ ನಡುವಿನ ಪತ್ರಗಳ ಭಾಷೆ ಅದು. ಬರೆದವರಲ್ಲಿ ಈಗಿನ ಸಿರಿಯಾ ಕಡೆ ಇದ್ದ ಮಿತಾನಿ ರಾಜ್ಯದ ದೊರೆ ತುಷ್ರತ್ತ ಒಬ್ಬ. ಅವನ ಹೆಸರನ್ನು ಹಳೆಯ ಸಂಸ್ಕೃತದ ಹಾಗೆ ‘ತ್ವೇಷರಥ’ ಅಂತ ಬಿಡಿಸುತ್ತಾರೆ. ರಭಸದ ರಥ ಉಳ್ಳವನು ಅಂತ. ಮಿತಾನಿಯವರು ಈಗಿನ ತುರ್ಕಿಯ ಕಡೆ ಆಳುತ್ತಿದ್ದ ಹಿಟ್ಟೈಟರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿದೆ. ಇದು ಹಲಗೆಯ ಮೇಲೆ ಬರೆದಿರುವ ಮಾತು, ವಾಟ್ಸಾಪ್ ಅಲ್ಲ.

ತುಷ್ರತ್ತ ಏನು ಬರೆಯುತ್ತಾನೆ ಗೊತ್ತಾ? ‘ನಿನ್ನ ದೇಶದಲ್ಲಿ ಚಿನ್ನ ಧೂಳಿನ ಹಾಗೆ ಬಿದ್ದಿದೆ, ನನಗೂ ಧಾರಾಳವಾಗಿ ಕಳಿಸು’ ಅಂತ. ನಮ್ಮ ವಿಷಯಕ್ಕೆ ಬೇಕಾದ್ದು ಇದು: ಅವನು ಮೂರನೇ ಅಮೆನ್‌ಹೋಟೆಪ್‌ನನ್ನು ‘ಫೇರೋ’ ಅಂತ ಕರೆಯುವುದಿಲ್ಲ. ‘ಈಜಿಪ್ಟಿನ ದೊರೆ, ನನ್ನ ಸಹೋದರ ನಿಮ್ಮುರೇಯ’ ಅನ್ನುವ ಧಾಟಿಯಲ್ಲಿ ಕರೆಯುತ್ತಾನೆ. ನಿಮ್ಮುರೇಯ ಅಂದರೆ ಅಮೆನ್‌ಹೋಟೆಪ್‌ನ ಪಟ್ಟದ ಹೆಸರು ‘ನೆಬ್-ಮಾಅತ್-ರಾ’, ಅವರ ಬಾಯಲ್ಲಿ ಹೊರಳಿದ್ದು. ಆಗ ‘ಫೇರೋ’ ಇನ್ನೂ ಈಜಿಪ್ಟಿನ ಒಳಮನೆಯ ಮಾತು. ಹೊರಗಿನ ದೊರೆಗಳ ಬಾಯಿಗೆ ಬಂದದ್ದು ತಡವಾಗಿ. ಕ್ರಿ.ಪೂ. 8ನೇ ಶತಮಾನದಲ್ಲಿ ಅಸ್ಸೀರಿಯದ ಎರಡನೇ ಸರ್ಗೋನ್ ‘ಮುಸ್ರಿಯ ಅರಸ ಪಿರು’ ನನಗೆ ಕಾಣಿಕೆ ಕಳಿಸಿದ ಅಂತ ಬರೆಸಿದ್ದಾನೆ. ಮುಸ್ರಿ ಅಂದರೆ ಈಜಿಪ್ಟ್. ಆ ‘ಪಿರು’ ನಮ್ಮ ಫೇರೋನೇ. ಅವನು ಅದನ್ನು ಹೆಸರು ಅಂತ ತಿಳಿದ ಹಾಗಿದೆ. ಬೀದಿಯವರು ಭಾನುವಾರದ ಶಾಲೆಯಲ್ಲಿ ತಿಳಿದ ಹಾಗೇ.

ಬಸ್‌ಸ್ಟ್ಯಾಂಡ್_ಪಂಡಿತ
ತುಷ್ರತ್ತನ ವಿಷಯ ಗೊತ್ತಿರಲಿಲ್ಲ. ಇದನ್ನು ಫಾರ್ವರ್ಡ್ ಮಾಡುತ್ತೇನೆ.

ಬೆಳಗಾವಿ_ಕುಂದಾ
ಈಜಿಪ್ಟಿನಾಗ ಕನ್ನಡ ಸಿಕ್ಕೈತಿ ಅಂತ ಕೇಳೀನಲ್ರೀ. ಅದೂ ಫೇರೋಗಳ ಕಾಲದ್ದೇನು?

ಹಳೆಲಿಪಿ
ಅದು ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಊರಲ್ಲಿ ಸಿಕ್ಕ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆಯ ಬರಹ ರೀ. ಒಂದು ಗ್ರೀಕ್ ಪ್ರಹಸನ, ಸುಮಾರು ಕ್ರಿ.ಶ. 2ನೇ ಶತಮಾನದ್ದು. ಆಗ ಅಲ್ಲಿ ರೋಮನ್ನರ ಆಳ್ವಿಕೆ. ಅದರಲ್ಲಿ ಬರುವ ಕೆಲವು ಅರ್ಥವಾಗದ ಮಾತುಗಳು ಕನ್ನಡ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ವಾದಿಸಿದರು. ಆಮೇಲೆ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಎಲ್ಲರೂ ಒಪ್ಪಿಲ್ಲ. ಅದಕ್ಕೂ ಈ ಪದಕ್ಕೂ ಸಂಬಂಧ ಇಲ್ಲ. ಬೇಕಾದರೆ ಅದಕ್ಕೇ ಬೇರೆ ಎಳೆ ಶುರು ಮಾಡಿ, ನಾನೂ ಬರುತ್ತೇನೆ.

ಗಣಿತದ_ಮೇಷ್ಟ್ರು
ನನಗೆ ಉಚ್ಚಾರಣೆ ತಲೆ ತಿನ್ನುತ್ತಿದೆ. ‘ಪೆರ್-ಆ’ದಲ್ಲಿ ಪ ಇದೆ. ಫೇರೋದಲ್ಲಿ ಫ ಎಲ್ಲಿಂದ ಬಂತು? ಕೊನೆಯ ಓ ಎಲ್ಲಿಂದ?

ಹಳೆಲಿಪಿ
ಈಜಿಪ್ಟಿನ ಬರಹದಲ್ಲಿ ಸ್ವರಗಳನ್ನು ಬರೆಯುವುದಿಲ್ಲ. ‘ಪೆರ್-ಆ’ ಅನ್ನುವುದು ನಾವು ಓದುವ ಅನುಕೂಲಕ್ಕೆ ತುಂಬಿಕೊಂಡ ಸ್ವರ. ಕಾಲ ಕಳೆದ ಹಾಗೆ ಅವರ ಬಾಯಲ್ಲಿ ಕೊನೆಯ ಸ್ವರ ಓ ಕಡೆ ಹೊರಳಿತ್ತು. ಹೀಬ್ರೂದಲ್ಲಿ ‘ಪರ್ಓ’. ಅಲ್ಲಿಂದ ಗ್ರೀಕ್ ಬೈಬಲಿಗೆ ‘ಫರಓ’ ಆಗಿ ಬಂತು.

ಫ ವಿಷಯ ಕನ್ನಡದವರಿಗೆ ಹೇಳುವುದು ಸುಲಭ. ಗ್ರೀಕರ ಆ ಅಕ್ಷರ ಮೊದಲು ಮಹಾಪ್ರಾಣದ ಪ ಆಗಿತ್ತು, ನಮ್ಮ ‘ಫಲ’ದ ಫ ಹಾಗೆ. ಮುಂದೆ ಅದೇ ಅಕ್ಷರವನ್ನು ‘ಫೋನ್’, ‘ಫೀಸು’ ಅನ್ನುವಾಗಿನ ಫ ಹಾಗೆ ಹೇಳತೊಡಗಿದರು. ನಾವೂ ಈಗ ಒಂದೇ ಅಕ್ಷರದಲ್ಲಿ ಎರಡನ್ನೂ ಬರೆಯುತ್ತೇವಲ್ಲ. ಅರಬ್ಬಿಯಲ್ಲಿ ಪ ಇಲ್ಲವೇ ಇಲ್ಲ, ಅದಕ್ಕೆ ‘ಫಿರ್‌ಔನ್’.

ಇನ್ನೊಂದು ತಮಾಷೆ ಇದೆ. ‘ಪೆರ್’ ಬೈಬಲಿನಲ್ಲಿ ಬೇರೆ ಕಡೆಯೂ ಅಡಗಿದೆ. ಇಸ್ರಾಯೇಲರು ಕಟ್ಟಿದರು ಅನ್ನುವ ಪಿಥೋಮ್ ಪಟ್ಟಣ ಅಂದರೆ ‘ಪೆರ್-ಆತುಮ್’, ಆತುಮ್ ದೇವರ ಮನೆ. ‘ಈಜಿಪ್ಟ್’ ಅನ್ನುವುದೇ ಒಂದು ಮನೆ! ಮೆಂಫಿಸ್‌ನಲ್ಲಿ ಪ್ತಾ ದೇವರ ಗುಡಿಯ ಹೆಸರು ‘ಹುತ್-ಕಾ-ಪ್ತಾ’, ಪ್ತಾನ ಚೈತನ್ಯದ ಮನೆ ಅಂತ. ಅದನ್ನು ಗ್ರೀಕರು ‘ಐಗುಪ್ತೊಸ್’ ಮಾಡಿಕೊಂಡರು, ಇಡೀ ದೇಶಕ್ಕೆ ಅದನ್ನೇ ಅಂಟಿಸಿದರು. ಸತ್ಯವೇದದ ‘ಐಗುಪ್ತ’ ಅದಕ್ಕೆ ಈಜಿಪ್ಟ್‌ಗಿಂತ ಹತ್ತಿರ. ಅಲ್ಲಿನವರು ತಮ್ಮ ನಾಡನ್ನು ಕರೆದದ್ದು ‘ಕೆಮೆತ್’, ಕಪ್ಪು ನೆಲ ಅಂತ. ನೈಲ್ ನದಿಯ ಎರೆಮಣ್ಣಿನ ಬಣ್ಣ ಅದು.

ಬೆಳಗಾವಿ_ಕುಂದಾ
ಎರೆಭೂಮಿ ಅನ್ರಿ. ನಮ್ಮ ಕಡೆದೇ ಆತು.

ಕುಂದಾಪ್ರದ_ಅಕ್ಕ
ಫೇರೋ ಅಂತ ಕರೆಯದಿದ್ದರೆ ರಾಜರು ತಮ್ಮನ್ನು ಏನಂತ ಕರೆದುಕೊಳ್ಳುತ್ತಿದ್ದರು? ಅದನ್ನು ಯಾರೂ ಹೇಳಲಿಲ್ಲ.

ಹಳೆಲಿಪಿ
ರಾಜನಿಗೆ ಅವರ ಸಾಮಾನ್ಯ ಪದ ‘ನೆಸು’. ಪಟ್ಟಕ್ಕೆ ಬಂದ ರಾಜನಿಗೆ ಐದು ಬಿರುದು, ಐದು ಹೆಸರು. ಅದರಲ್ಲಿ ಹೆಚ್ಚು ತೂಕದ್ದು ‘ನೆಸುತ್-ಬಿತಿ’. ಇದನ್ನು ಜೊಂಡುಹುಲ್ಲು ಮತ್ತು ಜೇನುನೊಣದ ಚಿತ್ರದಲ್ಲಿ ಬರೆಯುತ್ತಿದ್ದರು. ಜೊಂಡು ಮೇಲಿನ, ಅಂದರೆ ದಕ್ಷಿಣದ, ಈಜಿಪ್ಟಿಗೆ; ನೊಣ ಕೆಳಗಿನ, ಅಂದರೆ ಉತ್ತರದ, ಈಜಿಪ್ಟಿಗೆ. ಎರಡೂ ನಾಡಿನ ಒಡೆಯ ಅಂತ ತಾತ್ಪರ್ಯ. ಇದರ ಮುಂದೆ ಪಟ್ಟದ ಹೆಸರು. ‘ರಾನ ಮಗ’ ಅನ್ನುವ ಬಿರುದಿನ ಮುಂದೆ ಹುಟ್ಟುಹೆಸರು. ಈ ಎರಡು ಹೆಸರನ್ನು ಮಾತ್ರ ಉದ್ದುದ್ದ ಗುಂಡಗಿನ ಚೌಕಟ್ಟಿನೊಳಗೆ ಬರೆಯುತ್ತಾರೆ. ಫೋಟೋಗಳಲ್ಲಿ ನೋಡಿರುತ್ತೀರಿ.

ಟುಟಂಖಾಮುನ್‌ನನ್ನು ತೆಗೆದುಕೊಳ್ಳಿ. ಹುಟ್ಟುಹೆಸರು ಟುಟಂಖಾಟೆನ್, ಆಮೇಲೆ ಟುಟಂಖಾಮುನ್ ಮಾಡಿಕೊಂಡ. ಪಟ್ಟದ ಹೆಸರು ನೆಬ್‌ಖೆಪೆರುರೆ. ಅವನ ಕಾಲದ ಪರದೇಶದ ದೊರೆಗಳಿಗೆ ಟುಟಂಖಾಮುನ್ ಅಂದರೆ ಯಾರು ಅಂತ ಗೊತ್ತಾಗುತ್ತಿರಲಿಲ್ಲ, ಪಟ್ಟದ ಹೆಸರೇ ಹೇಳಬೇಕಿತ್ತು. ಈ ಐದು ಬಿರುದಿನಲ್ಲಿ ‘ಪೆರ್-ಆ’ ಇಲ್ಲವೇ ಇಲ್ಲ ಅನ್ನುವುದನ್ನು ಗಮನಿಸಿ. ಅದು ಕಚೇರಿಯ ಪತ್ರ, ಜನರ ಮಾತು, ಕಥೆಗಳಲ್ಲಿ ಬೆಳೆದ ಪದ. ಗುಡಿಯ ಗೋಡೆಯ ಮೇಲೆ ಗತ್ತಿನಿಂದ ಕೆತ್ತಿದ ಪದ ಅಲ್ಲ.

ಕೊನೆಕೊನೆಗೆ ಅದೂ ಆಯಿತು. ಗ್ರೀಕ್ ದೊರೆಗಳ, ರೋಮನ್ ಚಕ್ರವರ್ತಿಗಳ ಕಾಲದಲ್ಲಿ ಕಟ್ಟಿದ ಗುಡಿಗಳಲ್ಲಿ, ಉದಾಹರಣೆಗೆ ದೆಂದೆರಾದಲ್ಲಿ, ಚೌಕಟ್ಟಿನೊಳಗೆ ರಾಜನ ಹೆಸರೇ ಇಲ್ಲ. ಬರೀ ‘ಪೆರ್-ಆ’ ಅಂತ ಕೆತ್ತಿದ್ದು ಬೇಕಾದಷ್ಟಿದೆ. ಚಕ್ರವರ್ತಿ ರೋಮಿನಲ್ಲಿ. ಪೂಜೆ ಮಾಡುವ ರಾಜನ ಚಿತ್ರ ಮಾತ್ರ ಗುಡಿಗೆ ಬೇಕು. ಹೆಸರು ಯಾರದ್ದಾದರೇನು!

ಗಣಿತದ_ಮೇಷ್ಟ್ರು
ಫಾರಂನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಸೀಲು ಮಾತ್ರ ಹೊಡೆದ ಹಾಗಾಯಿತು. ರೊಸೆಟ್ಟಾ ಶಿಲೆಯಲ್ಲಿ ಈ ಪದ ಇದೆಯಾ?

ಹಳೆಲಿಪಿ
ಇದೆ. ಒಂದೇ ವಿಷಯವನ್ನು ಮೂರು ಬರಹಗಳಲ್ಲಿ ಕೆತ್ತಿದ ಕ್ರಿ.ಪೂ. 196ರ ಶಾಸನ ಅದು, ಈಜಿಪ್ಟನ್ನು ಆಳಿದ ಗ್ರೀಕ್ ದೊರೆ ಐದನೇ ಟಾಲೆಮಿಯದ್ದು. ಮೂರು ಬರಹಗಳಲ್ಲಿ ನಡುವಿನದು ಡೆಮೋಟಿಕ್, ಆಗಿನ ಜನಬಳಕೆಯ ಲಿಪಿ. ಗ್ರೀಕಿನಲ್ಲಿ ‘ಬಸಿಲೆಯುಸ್’, ಅಂದರೆ ರಾಜ, ಇರುವ ಕಡೆ ಡೆಮೋಟಿಕ್‌ನಲ್ಲಿ ‘ಪೆರ್-ಆ’ ಬರುತ್ತದೆ.

ಮಲ್ಲೇಶ್ವರದ_ಮಳೆ
ಹಾಗಾದರೆ ಹೆಣ್ಣು ರಾಜರಿಗೆ? ಹ್ಯಾಟ್‌ಶೆಪ್ಸುಟ್‌ಳನ್ನು ‘ಮಹಿಳಾ ಫೇರೋ’ ಅಂತ ಎಲ್ಲ ಕಡೆ ಬರೆಯುತ್ತಾರೆ.

ಹಳೆಲಿಪಿ
ಮೇಡಂ, ಹ್ಯಾಟ್‌ಶೆಪ್ಸುಟ್ ಕ್ರಿ.ಪೂ. 15ನೇ ಶತಮಾನದವಳು. ರಾಜನನ್ನು ‘ಪೆರ್-ಆ’ ಅನ್ನುವ ರೂಢಿ ಆಗ ಇನ್ನೂ ನೆಲೆಯೂರಿರಲಿಲ್ಲ. ಅವಳು ರಾಜನ ಬಿರುದುಗಳನ್ನೇ ತೆಗೆದುಕೊಂಡಳು. ಕೆಲವಕ್ಕೆ ಹೆಣ್ಣಿನ ಪ್ರತ್ಯಯ ಹಚ್ಚಿದಳು, ‘ರಾನ ಮಗಳು’ ಅಂತ. ಫೇರೋ ಪದಕ್ಕೆ ಹೆಣ್ಣುರೂಪ ಬಂದದ್ದು ಬಹಳ ಕಾಲದ ಮೇಲೆ, ಡೆಮೋಟಿಕ್‌ನಲ್ಲಿ. ಟಾಲೆಮಿ ವಂಶದ ರಾಣಿಯರಿಗೆ ಅದು ಸಲ್ಲುತ್ತಿತ್ತು. ಹಾಗೆ ನೋಡಿದರೆ ಈ ಪದದ ಮೇಲೆ ಹ್ಯಾಟ್‌ಶೆಪ್ಸುಟ್‌ಗಿಂತ ಕ್ಲಿಯೋಪಾತ್ರಳಿಗೆ ಹಕ್ಕು ಜಾಸ್ತಿ.

ದುಬೈ_ದೋಸೆ
ನನ್ನ ಜೊತೆ ಕೆಲಸ ಮಾಡುವ ಈಜಿಪ್ಟಿನವರಿಗೆ ಈ ಪದದ ಬಗ್ಗೆ ಎರಡು ಮನಸ್ಸು. ಫುಟ್‌ಬಾಲ್ ಬಂದರೆ ‘ನಾವು ಫರಾಇನಾ’, ಅಂದರೆ ಫೇರೋಗಳು, ಅಂತ ಎದೆ ಉಬ್ಬಿಸುತ್ತಾರೆ. ಅವರ ತಂಡದ ಅಡ್ಡಹೆಸರೇ ಅದು. ಆಫೀಸಲ್ಲಿ ದರ್ಪ ಮಾಡುವವನಿಗೆ ‘ಫಿರ್‌ಔನ್ ಆಗಿಬಿಟ್ಟಿದ್ದಾನೆ’ ಅಂತ ಬೈಯುವುದೂ ಅವರೇ. ಅದಕ್ಕೆ ಒಂದು ಕ್ರಿಯಾಪದವೇ ಇದೆಯಂತೆ, ‘ತಫರ್‌ಅನ’.

ಉಳ್ಳಾಲ_ಕಡಲು
ನಮ್ಮ ಅಜ್ಜಿಯ ಬೈಗುಳ ಅಲ್ಲೂ ಇದೆ ಅಂತಾಯಿತು.

ಹಳೆಲಿಪಿ
ಇದೆ, ಮತ್ತು ಆ ಬೈಗುಳಕ್ಕೆ ರಕ್ತವೂ ಅಂಟಿದೆ. 1981ರ ಅಕ್ಟೋಬರ್ 6ರಂದು ಈಜಿಪ್ಟಿನ ಅಧ್ಯಕ್ಷ ಸಾದಾತ್ ಅವರನ್ನು ಕೊಂದವನು ‘ಫೇರೋನನ್ನು ಕೊಂದೆ’ ಅಂತ ಕೂಗಿದ ಅಂತ ವರದಿಗಳಿವೆ. ಇನ್ನೊಂದು ಕಡೆ, 2021ರ ಏಪ್ರಿಲ್ 3ರಂದು ಕೈರೋದಲ್ಲಿ 22 ಮಮ್ಮಿಗಳನ್ನು ಹಳೆ ಮ್ಯೂಸಿಯಂನಿಂದ ಹೊಸದಕ್ಕೆ ಮೆರವಣಿಗೆಯಲ್ಲಿ ಒಯ್ದರು. 18 ರಾಜರು, 4 ರಾಣಿಯರು. ಇಂಗ್ಲಿಷಿನಲ್ಲಿ ಅದಕ್ಕೆ ‘ಫೇರೋಗಳ ಚಿನ್ನದ ಮೆರವಣಿಗೆ’ ಅಂತ ಹೆಸರು. ಅರಬ್ಬಿಯಲ್ಲಿ ‘ರಾಜ ಮಮ್ಮಿಗಳ ಮೆರವಣಿಗೆ’. ಹೊರಗಿನವರಿಗೆ ‘ಫೇರೋ’ ಅಂದರೆ ಟಿಕೆಟ್ ಮಾರಾಟ ಆಗುವ ಪದ, ಒಳಗಿನವರಿಗೆ ಸ್ವಲ್ಪ ಮುಜುಗರ. ಇದು ನನ್ನ ಲೆಕ್ಕ, ದುಬೈಯವರು ತಮ್ಮ ಗೆಳೆಯರನ್ನು ಕೇಳಿ ನೋಡಲಿ.

ಮಲ್ಲೇಶ್ವರದ_ಮಳೆ
ಎರಡನೇ ರಾಮ್ಸೆಸ್ ಮಮ್ಮಿಗೆ ಪಾಸ್‌ಪೋರ್ಟ್ ಮಾಡಿಸಿದ್ದರಂತೆ, ಉದ್ಯೋಗ ‘ರಾಜ (ದಿವಂಗತ)’ ಅಂತ ಬರೆದಿದ್ದರಂತೆ. ಅದರಲ್ಲಿ ‘ಫೇರೋ’ ಅಂತ ಬರೆಯಬೇಕಿತ್ತು ಅಲ್ವಾ 😀

ಹಳೆಲಿಪಿ
1976ರಲ್ಲಿ ಆ ಮಮ್ಮಿಗೆ ಬೂಷ್ಟು ಹಿಡಿದಿದೆ ಅಂತ ಪ್ಯಾರಿಸ್‌ಗೆ ಒಯ್ದದ್ದು, ಅಲ್ಲಿ ಸೈನಿಕ ಗೌರವ ಕೊಟ್ಟದ್ದು ನಿಜ. ಇಂಟರ್ನೆಟ್ಟಿನಲ್ಲಿ ಓಡಾಡುವ ಪಾಸ್‌ಪೋರ್ಟ್ ಚಿತ್ರ ಈಚೆಗೆ ಯಾರೋ ಕಂಪ್ಯೂಟರಿನಲ್ಲಿ ಮಾಡಿದ್ದು.

ಜೋಗದ_ಜೋಗಿ
ಕ್ವಿಜ್‌ನ ಪ್ರಶ್ನೆಯನ್ನು ಹೀಗೆ ಬದಲಿಸಿದ್ದೇನೆ: ‘ಫೇರೋ ಎಂಬ ಪದದ ಮೂಲ ಅರ್ಥ ಏನು?’ ಉತ್ತರ: ದೊಡ್ಡ ಮನೆ, ಅರಮನೆ. ಇಬ್ಬರೂ ಒಪ್ಪಿದ್ದಾರೆ. ಕೊನೆಗೊಂದು ಕೇಳುತ್ತೇನೆ. ಕಡೆಗೆ ಆ ಪದ ಈಜಿಪ್ಟಿನಲ್ಲಿ ಏನಾಯಿತು? ಸತ್ತೇ ಹೋಯಿತಾ?

ಹಳೆಲಿಪಿ
ಇಲ್ಲ, ಇದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಹಳೆಯ ಈಜಿಪ್ಟ್ ಭಾಷೆಯ ಕೊನೆಯ ರೂಪ ಕಾಪ್ಟಿಕ್. ಅಲ್ಲಿನ ಕ್ರೈಸ್ತರ ಭಾಷೆ, ಇವತ್ತಿಗೂ ಅವರ ಚರ್ಚಿನ ಪ್ರಾರ್ಥನೆಯಲ್ಲಿದೆ. ಅದರಲ್ಲಿ ‘ಪೆರ್-ಆ’ ಸವೆದು ‘ಪ್‌ರ್ರೊ’ ಆಯಿತು. ಆದರೆ ಕಾಪ್ಟಿಕ್‌ನಲ್ಲಿ ಗಂಡು ಪದದ ಮುಂದೆ ‘ಆ’ ಅಂತ ತೋರಿಸಲು ‘ಪ್’ ಹಚ್ಚುತ್ತಾರೆ. ಪಂಡಿತರು ಮೊದಲು ಹೇಳಿದ ‘ಪ’ ಅದೇ. ಜನ ಈ ‘ಪ್’ ಕೂಡ ಅದೇ ಇರಬೇಕು ಅಂದುಕೊಂಡು ಕಿತ್ತು ಬದಿಗಿಟ್ಟರು. ಉಳಿದದ್ದು ‘ರ್ರೊ’. ಕಾಪ್ಟಿಕ್‌ನ ಒಂದು ಉಪಭಾಷೆಯಲ್ಲಿ ರಾಜ ಅಂದರೆ ಇದೇ ‘ರ್ರೊ’, ಇನ್ನೊಂದರಲ್ಲಿ ‘ಊರೊ’. ‘ನಾರಂಗ’ದ ಮೊದಲಿನ ನ ಯುರೋಪಿನಲ್ಲಿ ಬಿದ್ದುಹೋಗಿ ‘ಆರೆಂಜ್’ ಆಯಿತಲ್ಲ, ಹಾಗೆ.

ಇನ್ನೂ ಮಜಾ ಇದೆ. ಅವರು ಗ್ರೀಕಿನಿಂದ ಬೈಬಲ್ ಅನುವಾದ ಮಾಡುವಾಗ ‘ಫರಓ’ ಅನ್ನುವ ಪದ ಎದುರಾಯಿತು. ಅದು ತಮ್ಮದೇ ಪದ ಅನ್ನುವ ಗುರುತು ಯಾರಿಗೂ ಸಿಗಲಿಲ್ಲ. ಹೆಸರು ಅಂದುಕೊಂಡು ಹಾಗೇ ಉಳಿಸಿಕೊಂಡರು. ‘ಐಗುಪ್ತದ ಅರಸನಾದ ಫರೋಹ’ ಅನ್ನುವ ಮಾತು ಕಾಪ್ಟಿಕ್‌ನಲ್ಲಿ ‘ಫರಓ, ಪ್‌ರ್ರೊ ಎನ್ ಕೇಮೆ’ ಅಂತ ಬರುತ್ತದೆ. ಒಂದೇ ಪದ ಪಕ್ಕಪಕ್ಕದಲ್ಲಿ ಎರಡು ಸಲ. ಒಂದು ಊರಲ್ಲೇ ಇದ್ದು ಸವೆದದ್ದು, ಇನ್ನೊಂದು ಹೀಬ್ರೂ, ಗ್ರೀಕ್ ಎಲ್ಲ ಸುತ್ತಿ ವಾಪಸ್ ಬಂದದ್ದು. ‘ಕೇಮೆ’ ಅಂದರೆ ಮೇಲೆ ಹೇಳಿದ ಕೆಮೆತ್.

ಬೆಥೆಲ್_ಬೀದಿ
ಅಂದರೆ ‘ಐಗುಪ್ತದ ದೊಡ್ಡಮನೆಯಾದ ದೊಡ್ಡಮನೆ’! ಈ ಭಾನುವಾರ ನಮ್ಮ ಪಾಸ್ಟರ್‌ಗೆ ಹೇಳುತ್ತೇನೆ.

ತುಂಗಾತೀರ
ಕನ್ನಡದಲ್ಲಿ ಬರೆಯುವಾಗ ಯಾವುದು ಸರಿ ಅಂತ ತೀರ್ಮಾನ ಆಗಲಿಲ್ಲವಲ್ಲ? ಫೇರೋ, ಫ್ಯಾರೋ, ಫರೋ, ಫರೋಹ?

ಹಳೆಲಿಪಿ
ಫೇರೋ, ಫ್ಯಾರೋ ಎರಡೂ ಇಂಗ್ಲಿಷಿನ ಉಚ್ಚಾರಣೆ ನೋಡಿ ಮಾಡಿಕೊಂಡವು. ‘ಫರೋಹ’ ಹೀಬ್ರೂ, ಗ್ರೀಕಿಗೆ ಹತ್ತಿರ. ನನ್ನ ಕೇಳಿದರೆ ಅದೇ ಚಂದ. ಆದರೆ ಪಠ್ಯಪುಸ್ತಕ ಓದಿದ ಮಕ್ಕಳಿಗೆ ‘ಫೇರೋ’ ಅಂದರೇನೇ ಗೊತ್ತಾಗುವುದು. ಕ್ವಿಜ್‌ನಲ್ಲಿ ಅದನ್ನೇ ಇಡಿ.

ನಿರ್ವಾಹಕ
ಎಳೆಯನ್ನು ‘ಪದಮೂಲ’ ವಿಭಾಗಕ್ಕೆ ಸರಿಸಿದ್ದೇನೆ. ಆಕ್ಸಿರಿಂಕಸ್ ಪಪೈರಸ್‌ಗೆ ಬೆಳಗಾವಿಯವರು ಹೊಸ ಎಳೆ ತೆರೆದಿದ್ದಾರೆ, ಆಸಕ್ತಿ ಇದ್ದವರು ಅಲ್ಲಿ ಬನ್ನಿ.